ಗದ್ಯಾಣದ ತೂಕವೂ ಚಿನ್ನದ ಸಾಂದ್ರತೆಯೂ

ಆಲೂರು, ಸಕಲೇಶಪುರ, ಬೇಲೂರುಗಳನ್ನೊಳಗೊಂಡ ಹಾಸನ ಜಿಲ್ಲೆಯ ಸೀಮೆಯು ಹೊಯ್ಸಳರ ಆಳ್ವಿಕೆಗೆ ಒಳಪಟ್ಟಿದ್ದ ನೆಲ. 1902ರಲ್ಲಿ ಬಿ. ಎಲ್. ರೈಸರು ಪ್ರಕಟಿಸಿದ ಈ ಜಿಲ್ಲೆಯ ಶಾಸನಸಂಪುಟದಲ್ಲಿ ದಾನದ ಹಣವು ಗದ್ಯಾಣಗಳ ಲೆಕ್ಕದಲ್ಲಿ ಬರುವುದುಂಟು. ಗದ್ಯಾಣವೆಂಬುದು ನಾಣ್ಯದ ಹೆಸರೂ ಹೌದು, ತೂಕದ ಹೆಸರೂ ಹೌದು. ಆದರೆ ತೂಕವೊಂದನ್ನೇ ಅರಿತ ಮಾತ್ರಕ್ಕೆ ನಾಣ್ಯದಲ್ಲಿರುವ ಚಿನ್ನವೆಷ್ಟೆಂಬುದು ತಿಳಿಯದು. ತಾಮ್ರ ಬೆರೆತ ನಾಣ್ಯವನ್ನೂ ಅಪರಂಜಿಯಷ್ಟೇ ತೂಗುವಂತೆ ಅಚ್ಚೊತ್ತಬಹುದು.

ಚಿನ್ನವು ತಾಮ್ರಕ್ಕಿಂತ ಭಾರವೆನ್ನುವಾಗ ಎರಡರ ಗಾತ್ರವೂ ಸಮವೆಂಬ ಭಾವವು ಅಡಗಿರುತ್ತದೆ. ಒಂದು ಘನ ಸೆಂಟಿಮೀಟರು ಗಾತ್ರದ ಲೋಹವು ಎಷ್ಟು ಗ್ರಾಂ ತೂಗುವುದೋ ಅದೇ ಅದರ ಸಾಂದ್ರತೆ. ತವರಕ್ಕೆ ಇದು 7.3, ಕಬ್ಬಿಣಕ್ಕೆ 7.87, ತಾಮ್ರಕ್ಕೆ 8.96, ಬೆಳ್ಳಿಗೆ 10.5, ಸೀಸಕ್ಕೆ 11.34, ಚಿನ್ನಕ್ಕೆ 19.3. ಚಿನ್ನದ ಮತ್ತು ಬೆಳ್ಳಿಯ ಪರಮಾಣುಗಳು ಗಾತ್ರದಲ್ಲಿ ಬಹುಮಟ್ಟಿಗೆ ಸಮವಾಗಿದ್ದು, ಒಂದೇ ಬಗೆಯ ಜೋಡಣೆಯಲ್ಲಿರುತ್ತವೆ. ಆದರೆ ತೂಕದಲ್ಲಿ ಅವು 197ಕ್ಕೆ 108ರಂತೆ ಇರುವುದರಿಂದಲೇ ಸಾಂದ್ರತೆಯಲ್ಲಿ ಇಷ್ಟು ಅಂತರವುಂಟಾಗಿದೆ.

ಕನ್ನಡನಾಡಿನ ಪ್ರಾಚೀನ ಗಣಿತವು ಚಿನ್ನದ ಶುದ್ಧಿಯನ್ನು ‘ವರ್ಣ’ದಿಂದ ಅಳೆಯಿತು, ಹದಿನಾರು ವರ್ಣದ್ದೇ ಶುದ್ಧ ಸುವರ್ಣ. 9ನೆಯ ಶತಮಾನದಲ್ಲಿ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಇದರ ಲೆಕ್ಕವನ್ನು ವಿವರಿಸಿದ್ದಾನೆ. ಪ್ರತಿಯೊಂದು ತುಂಡಿನ ತೂಕವನ್ನು ಅದರ ವರ್ಣದಿಂದ ಗುಣಿಸಿ, ಬಂದ ಫಲಗಳನ್ನು ಕೂಡಿಸಿ, ಒಟ್ಟು ತೂಕದಿಂದ ಭಾಗಿಸಿದರೆ ಮಿಶ್ರಣದ ವರ್ಣವು ದೊರೆಯುತ್ತದೆ. ಸಾಂದ್ರತೆಗೆ ಈ ಕ್ರಮವು ಸಲ್ಲದು. ಚಿನ್ನ ತಾಮ್ರಗಳನ್ನು ಸಮತೂಕವಾಗಿ ಬೆರೆಸಿದರೆ ವರ್ಣವು ಎಂಟಾಗುವುದು. ಸಾಂದ್ರತೆಯಾದರೋ ಎರಡರ ಸರಾಸರಿಯಾದ 14.1 ಆಗದೆ ಸುಮಾರು 12.2 ಆಗುವುದು. ಇಲ್ಲಿ ತೂಕಗಳನ್ನಲ್ಲದೆ ಗಾತ್ರಗಳನ್ನೂ ಕೂಡಿಸಬೇಕು. ಹಗುರವಾದ ತಾಮ್ರವು ಹೆಚ್ಚು ಎಡೆಯನ್ನು ಆಕ್ರಮಿಸುತ್ತದೆ.

‘ಶ್ರೀ ತಳಕಾಡುಗೊಂಡ’ ಎಂಬ ಬರೆಹವುಳ್ಳ ವಿಷ್ಣುವರ್ಧನನ ಹೊನ್ನು ಸುಮಾರು 4 ಗ್ರಾಂ ತೂಗುತ್ತದೆ. ಇಂತಹ ನಾಣ್ಯವನ್ನು ಒರೆಗಲ್ಲಿಗೆ ಉಜ್ಜಿದರೆ ಸವೆಯುತ್ತದೆ. ನೀರಿನಲ್ಲಿ ತೂಗಿದರೆ ಹಾನಿಯಿಲ್ಲ. ನೀರಿನಲ್ಲಿ ಮುಳುಗಿದ ವಸ್ತುವು ತಾನು ಸರಿಸಿದ ನೀರಿನಷ್ಟು ತೂಕವನ್ನು ಕಳೆದುಕೊಂಡಂತೆ ತೋರುತ್ತದೆ. 4 ಗ್ರಾಂ ಶುದ್ಧ ಚಿನ್ನದಲ್ಲಿ ಈ ಇಳಿತವು 0.207 ಗ್ರಾಂ; ಕಾಲುಭಾಗ ತಾಮ್ರವಿದ್ದರೆ 0.267 ಗ್ರಾಂ. ಅಂತರವು ಸುಮಾರು ಅರ್ಧ ಗುಂಜಿಯಷ್ಟೇ ಆದರೂ ನಯವಾದ ತಕ್ಕಡಿಗೆ ಅದು ತೋರದಿರದು.

ಈ ಪರೀಕ್ಷೆಗೂ ಮಿತಿಯುಂಟು. ಹನ್ನೆರಡು ವರ್ಣದ ಚಿನ್ನದಲ್ಲಿ ಬೆರಕೆಯು ತಾಮ್ರವಾದರೆ ಸಾಂದ್ರತೆ ಸುಮಾರು 15, ಬೆಳ್ಳಿಯಾದರೆ ಸುಮಾರು 16. ಆದುದರಿಂದ ಬೆರೆತ ಲೋಹ ಯಾವುದೆಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಇಂದಿನ ಎಕ್ಸ್-ಕಿರಣ ಪರೀಕ್ಷೆಯು ಮೇಲ್ಪದರದ ಲೋಹಗಳನ್ನು ಗುರುತಿಸುತ್ತದೆ. ಸಾಂದ್ರತೆಯು ನಾಣ್ಯದ ಒಳತಿರುಳನ್ನೂ ಲೆಕ್ಕಕ್ಕೆ ತರುತ್ತದೆ. ಶಾಸನದ ಗದ್ಯಾಣಕ್ಕೆ ಬೆಲೆ ಕಟ್ಟುವವರು ತೂಕದೊಡನೆ ಇವೆರಡನ್ನೂ ವಿಚಾರಿಸುವುದು ಯುಕ್ತ.