ನಗರದಂಚಿನಲ್ಲಿ ಗ್ರಾಮದೇವತೆಯ ಜಾತ್ರೆ: ಹುಸ್ಕೂರು ಮದ್ದೂರಮ್ಮನ ಕುರ್ಜುಗಳನ್ನು ಕುರಿತು

ನಗರ ಹತ್ತಿರವಾದಂತೆಲ್ಲ ಹಬ್ಬ ಸೊರಗುತ್ತದೆ ಎಂಬ ತಿಳುವಳಿಕೆ ಜಾನಪದ ಅಧ್ಯಯನದಲ್ಲಿ ಬಹುಕಾಲದಿಂದ ಬೇರೂರಿದೆ. ಅದಕ್ಕೆ ಶಾಸ್ತ್ರೀಯ ರೂಪ ಕೊಟ್ಟವರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ರಾಬರ್ಟ್ ರೆಡ್‌ಫೀಲ್ಡ್ ಪ್ರಮುಖರು. ಮೆಕ್ಸಿಕೋ ದೇಶದ ಯುಕಟಾನ್ ಪ್ರಾಂತ್ಯವನ್ನು ಕುರಿತು 1941ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ಕಾಡಿನಂಚಿನ ಮಾಯಾ ಹಟ್ಟಿಯಾದ ಟುಸಿಕ್, ರೈತರ ಹಳ್ಳಿಯಾದ ಚಾನ್ ಕೋಮ್, ರೈಲುಹಾದಿಯ ಪಟ್ಟಣವಾದ ಜಿಟಾಸ್ ಮತ್ತು ಮೆರಿಡಾ ನಗರ ಎಂಬ ನಾಲ್ಕು ನೆಲೆಗಳನ್ನು ಹೋಲಿಸಿದರು. ಹಳ್ಳಿಯಿಂದ ನಗರದ ಕಡೆಗೆ ಸಾಗಿದಂತೆ ಸಂತರ ಉತ್ಸವಗಳು ಹರಕೆಯ ಸ್ವರೂಪವನ್ನು ಕಳೆದುಕೊಂಡು ಬಿಡುವಿನ ದಿನಗಳಾಗುತ್ತವೆ, ಸಮುದಾಯದ ಹೊಣೆ ಕರಗಿ ವ್ಯಕ್ತಿಯ ಇಚ್ಛೆ ಮುಂದಾಗುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿ. ನಮ್ಮ ಅನೇಕ ಸಂಪ್ರಬಂಧಗಳು ರೆಡ್‌ಫೀಲ್ಡರ ಹೆಸರನ್ನು ಹೇಳದೆಯೇ ಈ ತೀರ್ಮಾನವನ್ನು ಒಪ್ಪಿಕೊಂಡು ಹೊರಡುತ್ತವೆ. ಬೆಂಗಳೂರಿನ ಹೊರವಲಯದ ಒಂದು ಜಾತ್ರೆಯನ್ನು ಎದುರಿಗಿಟ್ಟುಕೊಂಡು ಅದನ್ನು ಮರುಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಆನೇಕಲ್ ತಾಲ್ಲೂಕಿನ ಹುಸ್ಕೂರು, ಎಲೆಕ್ಟ್ರಾನಿಕ್ಸ್ ಸಿಟಿಯ ನೆರೆಯ ಊರು. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಆರ್.ಕೆ. ಬಾಳಿಗಾ ಅವರ ಮುಂದಾಳುತನದಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ಭೂಮಿಯಲ್ಲಿ ಈ ಕೈಗಾರಿಕಾ ಪ್ರದೇಶವನ್ನು ಸ್ಥಾಪಿಸಿತು. ತೊಂಬತ್ತರ ದಶಕದ ನಂತರ ತಂತ್ರಾಂಶ ಸಂಸ್ಥೆಗಳು ಬಂದವು. 2010ರಲ್ಲಿ ಹೊಸೂರು ರಸ್ತೆಯ ಮೇಲ್ಸೇತುವೆ, 2025ರಲ್ಲಿ ಮೆಟ್ರೋ ರೈಲಿನ ಹಳದಿ ಮಾರ್ಗ ಬಂದಿತು. ರೆಡ್‌ಫೀಲ್ಡರ ಸೂತ್ರದ ಪ್ರಕಾರ ಈ ಅವಧಿಯಲ್ಲಿ ಹುಸ್ಕೂರು ಮದ್ದೂರಮ್ಮನ ಜಾತ್ರೆ ಕ್ಷೀಣಿಸಬೇಕಿತ್ತು. ಆದದ್ದು ಬೇರೆ. ಸುತ್ತಲ ಗ್ರಾಮಗಳು ದೇವಿಗೆ ಕಟ್ಟಿ ತರುವ ತೇರುಗಳು, ಅಂದರೆ ಕುರ್ಜುಗಳು, ನೂರು ಅಡಿಯನ್ನೂ ಮೀರಿ ಬೆಳೆದಿವೆ.

ದೇವಾಲಯ ಚೋಳರ ಕಾಲದ್ದೆಂಬ ಪ್ರತೀತಿಯಿದೆ. ಜಾತ್ರೆಯ ಕಾಲ ಯುಗಾದಿಗೆ ಮುಂಚಿನ ಫಾಲ್ಗುಣ ಬಹುಳ. ರಾಗಿಯ ಕಟಾವು, ಒಕ್ಕಣೆಗಳೆಲ್ಲ ಮುಗಿದು, ಹೊಲಗಳು ಬರಿದಾಗಿ, ಮುಂದಿನ ಉಳುಮೆಗೆ ಮಳೆ ಇನ್ನೂ ಬಾರದಿರುವ ಈ ಬಿಡುವಿನಲ್ಲಿ ಬೆಂಗಳೂರು, ಕೋಲಾರ ಸೀಮೆಯ ಬಹುಪಾಲು ಊರಹಬ್ಬಗಳು ನಡೆಯುತ್ತವೆ. ಅವುಗಳ ಕ್ರಮ ವಿದ್ವಾಂಸರಿಗೆ ಪರಿಚಿತವೇ. ತಮಟೆ ಬಡಿದು ಹಬ್ಬವನ್ನು ಸಾರುವುದು, ಸಾರಿದ ಮೇಲೆ ಊರವರು ಹೊರಗೆ ರಾತ್ರಿ ತಂಗಬಾರದೆಂಬ ಕಟ್ಟು, ಕೆಲವೆಡೆ ಒಗ್ಗರಣೆ ಹಾಕಬಾರದೆಂಬ ನಿಷೇಧ, ಮನೆಗಿಷ್ಟೆಂದು ವರಿ ಎತ್ತುವುದು, ಹೆಂಗಸರು ತಂಬಿಟ್ಟಿನ ದೀಪವನ್ನು ತಲೆಯ ಮೇಲೆ ಹೊತ್ತು ಗುಡಿಗೆ ನಡೆಯುವುದು, ಮರುದಿನ ನೆಂಟರಿಗೆ ಬಾಡೂಟ. ಕೊಟ್ಟ ಹೆಣ್ಣುಮಕ್ಕಳನ್ನು ತವರಿಗೆ ಕರೆಸುವುದು ಇದರ ಒಂದು ಮುಖ್ಯ ಅಂಗ. ಇವುಗಳಲ್ಲಿ ಒಂದೊಂದು ಅಂಶವೂ ‘ಊರು’ ಎಂದರೆ ಯಾರು ಯಾರು ಎಂಬುದನ್ನು ವರ್ಷಕ್ಕೊಮ್ಮೆ ಎಣಿಸಿ ಹೇಳುವ ಕ್ರಮವೇ ಆಗಿದೆ. ವರಿ ಕೊಟ್ಟವನು ಊರವನು. ದೀಪ ಹೊತ್ತವಳು ಆ ಮನೆಯವಳು.

ಕುರ್ಜು ದೇವಾಲಯದ ಬ್ರಹ್ಮರಥದಂತಹುದಲ್ಲ. ಬ್ರಹ್ಮರಥಕ್ಕೆ ಕೆತ್ತನೆಯ ಗಡ್ಡೆಯುಂಟು, ಶಾಶ್ವತವಾದ ರಥಶಾಲೆಯುಂಟು, ಅದು ಗುಡಿಯ ಸ್ವತ್ತು. ಕುರ್ಜಾದರೋ ಗ್ರಾಮದ ಸ್ವತ್ತು, ಹಬ್ಬಕ್ಕೆಂದು ಕಟ್ಟಿ ಹಬ್ಬವಾದ ಮೇಲೆ ಬಿಚ್ಚುವಂಥದು. ಗಾಲಿಗಳ ಮೇಲೆ ಮರದ ತಳವನ್ನು ಹೂಡಿ, ಅದರ ಮೇಲೆ ಮರ, ಬಿದಿರುಗಳನ್ನು ಅಂತಸ್ತು ಅಂತಸ್ತಾಗಿ ಹಗ್ಗದಿಂದ ಬಿಗಿದು, ಮೇಲೆ ಹೋದಂತೆ ಕಿರಿದಾಗಿಸಿ, ಬಣ್ಣದ ಬಟ್ಟೆ ಹೊದಿಸಿ, ತುದಿಯಲ್ಲಿ ಕಳಸ ಮತ್ತು ಬಾವುಟ ಇಡುತ್ತಾರೆ. ಅದು ವಾಲದಂತೆ ನಾಲ್ಕೂ ದಿಕ್ಕಿಗೆ ಹಗ್ಗ ಕಟ್ಟಿ ಆಳುಗಳು ಎಳೆದು ಹಿಡಿದಿರುತ್ತಾರೆ. ಎತ್ತುಗಳು ಮುಂದೆ ಎಳೆಯುವುದಷ್ಟೇ. ತೇರನ್ನು ನಿಲ್ಲಿಸುವವರು ಈ ಹಗ್ಗದವರು. ಯಾವ ಹಗ್ಗವನ್ನು ಯಾವಾಗ ಸಡಿಲಿಸಬೇಕು, ಯಾವಾಗ ಬಿಗಿಯಬೇಕು ಎಂಬುದನ್ನು ಕೂಗಿ ಹೇಳುವವನೊಬ್ಬ, ಅದನ್ನು ಕೇಳಿ ಒಮ್ಮೆಗೇ ಎಳೆಯುವ ಜನ. ಒಂದು ಗ್ರಾಮದ ಒಗ್ಗಟ್ಟನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಸಾಧನ ಸಿಗಲಾರದು. ವೈಮನಸ್ಯವಿರುವ ಊರಿನಿಂದ ಇಂತಹ ತೇರು ಹೊರಡುವುದೇ ಕಷ್ಟ.

ಹಿಂದಿನ ವ್ಯವಸ್ಥೆಯಲ್ಲಿ ಕುರ್ಜಿನ ಎತ್ತರಕ್ಕೆ ಮಿತಿಯನ್ನು ವಿಧಿಸಿದ್ದು ಯಾವ ಆಜ್ಞೆಯೂ ಅಲ್ಲ. ಊರಿನಲ್ಲಿ ಎಷ್ಟು ಜೋಡಿ ಎತ್ತುಗಳಿವೆ, ಹಗ್ಗ ಹಿಡಿಯಲು ಎಷ್ಟು ಜನರಿದ್ದಾರೆ ಎಂಬುದೇ ಆ ಮಿತಿ. ದಾರಿಯೂ ಹಾಗೆಯೇ. ಬರಿದಾದ ರಾಗಿಹೊಲಗಳ ನಡುವೆ, ಕೆರೆಯ ಬಯಲಿನ ಅಂಚಿನಲ್ಲಿ ತೇರು ಸಾಗುತ್ತಿತ್ತು. ನೆಲ ಒಂದು ಕಡೆ ಇಳಿಜಾರಾದರೆ ಸುತ್ತಿ ಹೋಗಲು ಅವಕಾಶವಿತ್ತು, ತಳವನ್ನು ಅಗಲ ಮಾಡಿಕೊಳ್ಳಲು ಅಡ್ಡಿಯಿರಲಿಲ್ಲ, ಹಗ್ಗದವರು ದೂರ ನಿಂತು ಎಳೆಯಲು ಬಯಲಿತ್ತು. ಇದನ್ನು ಸ್ವಲ್ಪ ಒತ್ತಿ ಹೇಳಬೇಕಾಗಿದೆ. ಏಕೆಂದರೆ ಈ ಆಚರಣೆಯಲ್ಲಿ ಆಗಿರುವ ಬದಲಾವಣೆಯನ್ನು ಕೇವಲ ‘ಆಡಂಬರ’ ಎಂದು ಕರೆದು ಮುಗಿಸುವವರು ಈ ಒಳಗಿನ ಲೆಕ್ಕಾಚಾರವನ್ನು ಗಮನಿಸಿದಂತೆ ಕಾಣುವುದಿಲ್ಲ.

ಬಯಲು ಬಡಾವಣೆಯಾಯಿತು. ಭೂಮಿ ಮಾರಾಟದಿಂದಲೂ ಬಾಡಿಗೆಯಿಂದಲೂ ಗ್ರಾಮಗಳಿಗೆ ಹಿಂದೆಂದೂ ಕಾಣದ ಹಣ ಬಂದಿತು. ಬೇಸಾಯ ನಿಂತಲ್ಲಿ ಎತ್ತುಗಳು ಕಡಿಮೆಯಾದವು. ಟ್ರ್ಯಾಕ್ಟರ್, ಜೆಸಿಬಿ, ಕ್ರೇನ್‌ಗಳು ಬಂದವು. ಎಳೆಯುವ ಬಲಕ್ಕೆ ಮಿತಿಯಿಲ್ಲವಾದಾಗ ಎತ್ತರಕ್ಕೂ ಮಿತಿಯಿಲ್ಲವಾಯಿತು. ಆದರೆ ದಾರಿ ಈಗ ಡಾಂಬರು ರಸ್ತೆ. ಅದರ ಅಗಲ ಗೊತ್ತುಪಡಿಸಿದ್ದು, ಎರಡೂ ಪಕ್ಕದಲ್ಲಿ ಕಟ್ಟಡಗಳು. ತಳವನ್ನು ಹಿಗ್ಗಿಸಲಾಗದೆ ತುದಿಯನ್ನು ಮಾತ್ರ ಏರಿಸುತ್ತ ಹೋದರೆ ಏನಾಗುವುದೆಂದು ಹೇಳಲು ಶಿಲ್ಪಶಾಸ್ತ್ರ ಬೇಕಿಲ್ಲ. ತೇರು ಬರುವ ದಾರಿಯುದ್ದಕ್ಕೂ ಬೆಸ್ಕಾಂ ಸಿಬ್ಬಂದಿ ವಿದ್ಯುತ್ ಕಡಿತ ಮಾಡಿ ತಂತಿಗಳನ್ನು ಬಿಚ್ಚಿ ಮತ್ತೆ ಜೋಡಿಸುವುದೂ ಈಗ ಜಾತ್ರೆಯ ಒಂದು ಅಂಗವೇ ಆಗಿದೆ. ಆಯಗಾರರ ಪಟ್ಟಿಗೆ ಸೇರಿದ ಹೊಸ ಆಯಗಾರರು ಎಂದು ಇವರನ್ನು ಕರೆದರೂ ತಪ್ಪಾಗದು.

2024ರ ಏಪ್ರಿಲ್ 6ರಂದು ಹೀಲಲಿಗೆಯಲ್ಲಿ ನೂರು ಅಡಿಗೂ ಮಿಕ್ಕ ತೇರೊಂದು ಎಳೆಯುತ್ತಿದ್ದಾಗಲೇ ಉರುಳಿತು. ಮರುವರ್ಷ, 2025ರ ಮಾರ್ಚ್ 22ರಂದು, ರಾಯಸಂದ್ರ ಮತ್ತು ದೊಡ್ಡನಾಗಮಂಗಲ ಗ್ರಾಮಗಳ ತೇರುಗಳು ಗಾಳಿಮಳೆಗೆ ಸಿಕ್ಕಿ ಬಿದ್ದವು. ಇಬ್ಬರು ಪ್ರಾಣ ಕಳೆದುಕೊಂಡರು, ಹಲವರು ಗಾಯಗೊಂಡರು. ಯುಗಾದಿಯ ಆಸುಪಾಸಿನ ಮೊದಲ ಮಳೆ ಬಿರುಗಾಳಿಯೊಡನೆ ಬರುವುದು ಈ ಸೀಮೆಯ ರೈತರಿಗೆ ಗೊತ್ತಿರದ ಸಂಗತಿಯೇನಲ್ಲ.

ಹಾಗಾದರೆ ಇಷ್ಟು ಅಪಾಯವನ್ನು ಮೈಮೇಲೆ ಎಳೆದುಕೊಂಡು ಗ್ರಾಮಗಳು ಎತ್ತರಕ್ಕೆ ಹಾತೊರೆಯುವುದೇಕೆ? ಊರೂರುಗಳ ನಡುವಣ ಪೈಪೋಟಿ ಎಂಬುದು ಸುಲಭದ ಉತ್ತರ. ಪೈಪೋಟಿ ಹಿಂದೆಯೂ ಇತ್ತು. ನನ್ನ ಅಭಿಪ್ರಾಯದಲ್ಲಿ ಕಾರಣ ಇನ್ನೂ ಆಳದಲ್ಲಿದೆ. ಹಿಂದೆ ಒಂದು ಗ್ರಾಮಕ್ಕೆ ತನ್ನನ್ನು ತೋರಿಸಿಕೊಳ್ಳಲು ಎಲ್ಲೆಕಲ್ಲು, ಕೆರೆ, ಗುಂಡುತೋಪು, ಗೋಮಾಳಗಳಿದ್ದವು. ಇಂದು ದೊಡ್ಡನಾಗಮಂಗಲ ಎಲ್ಲಿ ಮುಗಿಯಿತು, ಮುಂದಿನ ಊರು ಎಲ್ಲಿ ಮೊದಲಾಯಿತು ಎಂಬುದನ್ನು ಹೊರಗಿನವರು ನೆಲದ ಮೇಲೆ ಗುರುತಿಸುವುದು ಕಷ್ಟ. ವಸತಿ ಸಮುಚ್ಚಯಗಳಿಗೆ ಬೇರೆಯದೇ ಹೆಸರುಗಳು. ಫಾಲ್ಗುಣ ಬಹುಳದ ಆ ಒಂದೆರಡು ದಿನ ಮಾತ್ರ ‘ಇದು ಇಂಥ ಊರಿನ ತೇರು’ ಎಂದು ಗ್ರಾಮವು ತನ್ನ ಹೆಸರಿನಲ್ಲಿ ಎದ್ದು ನಿಲ್ಲುತ್ತದೆ. ಹತ್ತು ಹದಿನೈದು ಅಂತಸ್ತಿನ ಕಟ್ಟಡಗಳ ನಡುವೆ ಕಾಣಬೇಕಾದರೆ ಅದು ಮೂವತ್ತು ಅಡಿಯಿದ್ದರೆ ಸಾಲದು. ನೆಲದಲ್ಲಿ ಕಳೆದುಕೊಂಡದ್ದನ್ನು ಊರು ಆಕಾಶದಲ್ಲಿ ಗುರುತು ಮಾಡುತ್ತಿದೆ.

ಸ್ಮೃತಿ ಶ್ರೀನಿವಾಸ್ ಅವರು 2001ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಬೆಂಗಳೂರು ಕರಗವನ್ನು ಕುರಿತು ಇದೇ ಬಗೆಯ ಮಾತನ್ನು ಹೇಳಿದ್ದಾರೆ. ಸಂಪಂಗಿ ಕೆರೆಯ ಅಂಗಳ ಕಂಠೀರವ ಕ್ರೀಡಾಂಗಣವಾದ ಮೇಲೂ ತಿಗಳ ಸಮುದಾಯದವರು ಹಸಿ ಕರಗಕ್ಕೆ ಆ ತಾಣವನ್ನು ಬಿಡಲಿಲ್ಲ. ಇಲ್ಲದ ಕೆರೆಯನ್ನು ಆಚರಣೆ ನೆನಪಿನಲ್ಲಿ ಉಳಿಸಿಕೊಂಡಿತು. ಕರಗಕ್ಕೂ ಕುರ್ಜಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಕರಗ ಒಬ್ಬನ ತಲೆಯ ಮೇಲೆ ನಿಲ್ಲುವಂಥದು; ಅದನ್ನು ಹೊರುವ ವ್ರತಸ್ಥನ ದೇಹವೇ ಅದರ ಅಳತೆ. ಕುರ್ಜಿಗೆ ಅಂತಹ ಅಳತೆ ಈಗ ಉಳಿದಿಲ್ಲ.

ಹೊರವಲಯದ ಎಲ್ಲ ಭಾಗಗಳಲ್ಲೂ ಇದೇ ಚಿತ್ರ ಕಾಣುವುದಿಲ್ಲ. ವೈಟ್‌ಫೀಲ್ಡ್ 1882ರಲ್ಲಿ ಮೈಸೂರು ಅರಸರು ನೀಡಿದ ಭೂಮಿಯಲ್ಲಿ ಆಂಗ್ಲೋ ಇಂಡಿಯನ್ನರಿಗಾಗಿ ಏರ್ಪಟ್ಟ ವಸಾಹತು. ಪೀಣ್ಯದಲ್ಲಿ ಯಂತ್ರಗಳಿಗೆ ಕುಂಕುಮವಿಟ್ಟು ಬೂದುಗುಂಬಳ ಒಡೆಯುವ ಆಯುಧಪೂಜೆಯೇ ದೊಡ್ಡ ಹಬ್ಬ. ಅಲ್ಲಿ ವರಿಯ ಬದಲು ಮಾಲೀಕರ ಸಿಹಿಯ ಪೊಟ್ಟಣವಿದೆ, ಊರಿನ ಬದಲು ಕಾರ್ಖಾನೆಯಿದೆ. ಇವನ್ನು ಪ್ರತ್ಯೇಕವಾಗಿ ಅಧ್ಯಯನ ಮಾಡಬೇಕು.

ಹುಸ್ಕೂರಿನ ಸಂದರ್ಭದಲ್ಲಿ ಮತ್ತೊಂದು ಪ್ರಶ್ನೆ ಏಳುತ್ತದೆ. ಈಗ ಈ ಗ್ರಾಮಗಳ ನಿವಾಸಿಗಳಲ್ಲಿ ದೊಡ್ಡ ಪಾಲು ಬಾಡಿಗೆದಾರರು. ಉತ್ತರ ಕರ್ನಾಟಕದವರು, ನೆರೆರಾಜ್ಯದವರು, ಒಡಿಶಾ, ಬಿಹಾರದವರು. ವರಿಯ ಲೆಕ್ಕ ಮೂಲನಿವಾಸಿ ಮನೆತನಗಳದ್ದು. ಹೊಸಬರು ತೇರನ್ನು ನೋಡಬಹುದು, ಕೈಮುಗಿಯಬಹುದು, ಕಾಣಿಕೆ ಹಾಕಬಹುದು. ಹಗ್ಗ ಹಿಡಿಯುವ ಹಕ್ಕು ಅವರದಲ್ಲ. ಹೀಗಾಗಿ ಜನಸಂಖ್ಯೆ ಎಷ್ಟು ಬೆಳೆದರೂ ಹಗ್ಗ ಹಿಡಿಯಬಲ್ಲ ಕೈಗಳು ಬೆಳೆದಿಲ್ಲ. ಜಾತ್ರೆಗೆ ಜನ ಹೆಚ್ಚುತ್ತಿದ್ದರೂ ಆಚರಣೆಯ ಹೊಣೆ ಹೊರುವವರು ಕಡಿಮೆಯಾಗುತ್ತಿರುವ ಈ ವೈಪರೀತ್ಯದಲ್ಲಿ ರೆಡ್‌ಫೀಲ್ಡರ ಮಾತಿಗೂ ಒಂದಿಷ್ಟು ಜಾಗ ಉಳಿದಿದೆ ಎಂದು ಒಪ್ಪಬೇಕಾಗುತ್ತದೆ.

ಇಟಲಿಯ ನೋಲಾ ಪಟ್ಟಣದಲ್ಲಿ ಸಂತ ಪಾವ್ಲಿನೋಸನ ಉತ್ಸವಕ್ಕೆ ಸುಮಾರು 25 ಮೀಟರ್ ಎತ್ತರದ ಎಂಟು ಮರದ ಗೋಪುರಗಳನ್ನು ಇಂದಿಗೂ ಮನುಷ್ಯರು ಹೆಗಲ ಮೇಲೆಯೇ ಹೊತ್ತು ಕುಣಿಸುತ್ತಾರೆ. 2013ರಲ್ಲಿ ಯುನೆಸ್ಕೊ ಇದನ್ನು ತನ್ನ ಪಟ್ಟಿಗೆ ಸೇರಿಸಿತು. ಅಲ್ಲಿ ಹೆಗಲು ಹೇಗೋ ಇಲ್ಲಿ ಎತ್ತು ಮತ್ತು ಹಗ್ಗ ಹಾಗಿದ್ದವು. ಅವಘಡಗಳ ನಂತರ ಎತ್ತರಕ್ಕೆ ಸರ್ಕಾರ ಮಿತಿ ಹಾಕಬೇಕೆಂಬ ವಾದ ಸಹಜವಾದುದು. ಆದರೆ ಇಷ್ಟೇ ಅಡಿ ಎಂದು ಹೊರಗಿನಿಂದ ಬರುವ ಅಳತೆಗೂ, ಇಷ್ಟು ಜೋಡಿ ಎತ್ತು ಎಳೆದಷ್ಟು ಎಂದು ಊರೇ ಕಟ್ಟಿಕೊಳ್ಳುವ ಅಳತೆಗೂ ಗ್ರಾಮಸ್ಥರ ದೃಷ್ಟಿಯಲ್ಲಿ ಬಹಳ ಅಂತರವಿದೆ. ಮೊದಲನೆಯದು ದೇವಿಯ ಸೇವೆಗೆ ಅಡ್ಡಿಯೆನಿಸಿದರೆ ಎರಡನೆಯದು ಸೇವೆಯ ಭಾಗವೇ ಆಗಬಲ್ಲದು. ಎತ್ತು ಕಟ್ಟಿ ತೇರೆಳೆದ ಹಿರಿಯರು ಈ ಗ್ರಾಮಗಳಲ್ಲಿ ಇನ್ನೂ ಇದ್ದಾರೆ. ಯಾವ ಮರವನ್ನು ತಳಕ್ಕೆ ಹಾಕುತ್ತಿದ್ದರು, ಅಂತಸ್ತಿಗೆ ಎಷ್ಟು ಕಟ್ಟು, ಗಾಳಿ ಎದ್ದರೆ ತೇರನ್ನು ಎಲ್ಲಿ ನಿಲ್ಲಿಸುತ್ತಿದ್ದರು, ಹಗ್ಗದವರಿಗೆ ಯಾವ ಮಾತಿನಲ್ಲಿ ಕೂಗಿ ಹೇಳುತ್ತಿದ್ದರು ಎಂಬುದನ್ನು ಅವರಿಂದ ಗ್ರಾಮವಾರು ದಾಖಲಿಸುವ ಕೆಲಸ ತುರ್ತಾಗಿ ಆಗಬೇಕಿದೆ.