ಬೀಳುವುದನ್ನು ಕಲಿಸುವ ವಿದ್ಯೆ

ಬಲಶಾಲಿಯಾಗಬೇಕೆಂಬ ಆಸೆ ಎಲ್ಲರಲ್ಲಿಯೂ ಸಹಜ. ಆದರೆ ಬಲವನ್ನು ಏತಕ್ಕಾಗಿ ಗಳಿಸಬೇಕು, ಗಳಿಸಿದ ಬಳಿಕ ಹೇಗೆ ಬಳಸಬೇಕು ಎಂದು ಆಲೋಚಿಸುವವರು ವಿರಳ. ಈ ಪ್ರಶ್ನೆಗೆ ತಮ್ಮ ಬದುಕಿನಿಂದಲೇ ಉತ್ತರ ಕಂಡುಕೊಂಡವರು ಜಪಾನಿನ ಜಿಗೊರೊ ಕಾನೊ. ಅವರು ರೂಪಿಸಿದ ವಿದ್ಯೆಯೇ ಜೂಡೊ.

ಕಾನೊ ಜನಿಸಿದ್ದು 1860ರಲ್ಲಿ, ಕೋಬೆ ನಗರದ ಬಳಿಯ ಮಿಕಾಗೆ ಎಂಬ ಊರಿನಲ್ಲಿ. ಅವರದು ಕೃಶವಾದ ದೇಹ. ಓದಿನಲ್ಲಿ ಮುಂದಿದ್ದರೂ ಮೈಬಲದಲ್ಲಿ ಹಿಂದು. ಟೋಕಿಯೊದ ವಸತಿಶಾಲೆಯಲ್ಲಿ ಬಲಿಷ್ಠರಾದ ಹುಡುಗರು ಅವರನ್ನು ಪೀಡಿಸುತ್ತಿದ್ದರು. ದುರ್ಬಲನೂ ಬಲಿಷ್ಠನನ್ನು ಕೆಡಹಬಲ್ಲ ಜುಜುತ್ಸು ಎಂಬ ಹಳೆಯ ಹೋರಾಟದ ವಿದ್ಯೆಯೊಂದು ಉಂಟೆಂದು ಕೇಳಿ, ಅದನ್ನು ಕಲಿಯಲು ಅವರು ಹಂಬಲಿಸಿದರು. ಆದರೆ 1868ರ ರಾಜಕೀಯ ಪರಿವರ್ತನೆಯ ತರುವಾಯ ಜಪಾನಿನಲ್ಲಿ ಪಾಶ್ಚಾತ್ಯ ವಿದ್ಯೆಗಳಿಗೆ ಮನ್ನಣೆ ಹೆಚ್ಚಿ, ಹಳೆಯ ಯುದ್ಧಕಲೆಗಳು ಆದರ ಕಳೆದುಕೊಂಡಿದ್ದವು. ಜುಜುತ್ಸು ಬಲ್ಲ ಅನೇಕರು ಮೂಳೆ ಕಟ್ಟುವ ವೃತ್ತಿಯಿಂದ ಜೀವನ ಸಾಗಿಸುತ್ತಿದ್ದರು. ಅಂಥವರನ್ನು ಅರಸಿ ಅಲೆದ ಕಾನೊ ಅವರಿಗೆ 1877ರಲ್ಲಿ ಫುಕುದ ಹಚಿನೊಸುಕೆ ಎಂಬ ಗುರುಗಳು ದೊರೆತರು.

ಪೀಡಕರಿಗೆ ಮಣಿಯದಿರಬೇಕೆಂಬುದೇ ಅವರ ಮೊದಲ ಉದ್ದೇಶವಾಗಿತ್ತು. ಆದರೆ ಅಭ್ಯಾಸ ಮುಂದುವರಿದಂತೆ ಅವರು ಎಣಿಸದಿದ್ದ ಬದಲಾವಣೆಯೊಂದು ತೋರಿತು. ದೇಹ ಗಟ್ಟಿಯಾಗುತ್ತ ಬಂದಂತೆ ಅವರ ಮುಂಗೋಪ ತಗ್ಗಿ, ಮನಸ್ಸು ಶಾಂತವಾಯಿತು. ಇತರರನ್ನು ಗೆಲ್ಲಲು ಕಲಿತ ವಿದ್ಯೆ ಕಲಿತವನನ್ನೇ ತಿದ್ದಿತ್ತು! ಹಾಗಾದರೆ ಇದನ್ನು ಶಿಕ್ಷಣದ ಸಾಧನವಾಗಿ ಏಕೆ ಬೆಳೆಸಬಾರದು?

1882ರಲ್ಲಿ ಟೋಕಿಯೊದ ಒಂದು ಬೌದ್ಧ ದೇವಾಲಯದಲ್ಲಿ, ಹನ್ನೆರಡು ಚಾಪೆಗಳಷ್ಟೇ ವಿಸ್ತಾರದ ಕೊಠಡಿಯಲ್ಲಿ, ಒಂಬತ್ತು ಮಂದಿ ಶಿಷ್ಯರೊಡನೆ ಅವರು ‘ಕೊಡೊಕಾನ್’ ಎಂಬ ಶಾಲೆಯನ್ನು ಆರಂಭಿಸಿದರು. ಹಳೆಯ ವಿದ್ಯೆಯ ಅಪಾಯಕರ ಪಟ್ಟುಗಳನ್ನು ಸ್ಪರ್ಧೆಯಿಂದ ದೂರವಿಟ್ಟು, ಅದಕ್ಕೆ ಜೂಡೊ ಎಂದು ಹೆಸರಿಟ್ಟರು. ‘ಜುತ್ಸು’ ಎಂದರೆ ಕೌಶಲ. ‘ಡೊ’ ಎಂದರೆ ಮಾರ್ಗ.

‘ಜು’ ಎಂದರೆ ಮೃದುತ್ವ. ಇದನ್ನು ಕಾನೊ ಒಂದು ಲೆಕ್ಕದ ಮೂಲಕ ವಿವರಿಸುತ್ತಿದ್ದರು. ಎದುರಾಳಿಯ ಬಲ ಹತ್ತು, ನನ್ನ ಬಲ ಏಳು ಎಂದಿರಲಿ. ಅವನು ತಳ್ಳಿದಾಗ ನಾನು ಎದುರಾಗಿ ತಳ್ಳಿದರೆ ಸೋಲು ನನ್ನದೇ. ಅವನು ತಳ್ಳಿದಷ್ಟೂ ನಾನು ಹಿಂದೆ ಸರಿದರೆ ಅವನು ಆಯ ತಪ್ಪಿ ಮುಗ್ಗರಿಸುತ್ತಾನೆ. ಆ ಕ್ಷಣದಲ್ಲಿ ಅವನ ಬಲ ಮೂರಕ್ಕೆ ಇಳಿಯುತ್ತದೆ; ನನ್ನ ಏಳು ಏಳಾಗಿಯೇ ಉಳಿದಿರುತ್ತದೆ. ಅದರಲ್ಲಿ ಅರ್ಧದಷ್ಟನ್ನು ಬಳಸಿದರೂ ಗೆಲುವು ಸಾಧ್ಯ. ಬಾಗುವುದು ಹೇಡಿತನವಲ್ಲ, ವಿವೇಕ.

ಜೂಡೊ ಕಲಿಯಬಂದವನಿಗೆ ಮೊದಲು ಹೇಳಿಕೊಡುವುದು ಕೆಡಹುವುದನ್ನಲ್ಲ, ಬೀಳುವುದನ್ನು. ಗಲ್ಲವನ್ನು ಎದೆಗೆ ಒತ್ತಿ, ಬೆನ್ನನ್ನು ದುಂಡಗೆ ಮಾಡಿ, ತೋಳಿನಿಂದ ಚಾಪೆಯನ್ನು ಬಡಿದು ಬೀಳುವುದನ್ನು ಅವನು ನೂರಾರು ಬಾರಿ ಅಭ್ಯಸಿಸುತ್ತಾನೆ. ಬೀಳಲು ಅಂಜುವವನು ಮೈಯನ್ನು ಬಿಗಿಹಿಡಿದು ಪೆಟ್ಟು ತಿನ್ನುತ್ತಾನೆ. ಬೀಳಲು ಬಲ್ಲವನು ಮರುಕ್ಷಣವೇ ಎದ್ದು ನಿಲ್ಲುತ್ತಾನೆ. ಕೆಡಹಿದವನಿಗೂ ಒಂದು ಹೊಣೆಯುಂಟು. ಜೊತೆಗಾರನ ತಲೆ ನೆಲಕ್ಕೆ ತಾಗದಂತೆ ಅವನು ಆತನ ತೋಳನ್ನು ಹಿಡಿದಿರಬೇಕು. ಜೊತೆಗಾರನಿಲ್ಲದೆ ಕಲಿಕೆಯೇ ಇಲ್ಲ. ಆದ್ದರಿಂದಲೇ ಅಭ್ಯಾಸದ ಮೊದಲೂ ಕೊನೆಯೂ ಪರಸ್ಪರ ವಂದನೆ. ಶಕ್ತಿಯ ಸದುಪಯೋಗ, ತನ್ನ ಮತ್ತು ಇತರರ ಏಳಿಗೆ—ಇವೆರಡನ್ನು ಕಾನೊ ಜೂಡೊದ ಮೂಲತತ್ತ್ವಗಳೆಂದು ಸಾರಿದರು.

ಕಾನೊ 1938ರಲ್ಲಿ ನಿಧನರಾದರು. 1964ರ ಟೋಕಿಯೊ ಒಲಿಂಪಿಕ್ ಕ್ರೀಡೆಗಳಲ್ಲಿ ಜೂಡೊ ಮೊದಲ ಬಾರಿಗೆ ಸ್ಥಾನ ಪಡೆಯಿತು. ತೂಕದ ಮಿತಿಯಿಲ್ಲದ ವಿಭಾಗದ ಅಂತಿಮ ಸ್ಪರ್ಧೆಯಲ್ಲಿ ಜಪಾನಿನ ಅಕಿಯೊ ಕಮಿನಾಗ ಅವರನ್ನು ನೆದರ್ಲೆಂಡ್ಸ್‌ನ ಆಂಟನ್ ಗೀಸಿಂಕ್ ಸೋಲಿಸಿದರು. ಹರ್ಷೋನ್ಮತ್ತರಾದ ಅವರ ದೇಶೀಯರು ಅಂಕಣದತ್ತ ನುಗ್ಗಿಬಂದರು. ಗೀಸಿಂಕ್ ಕೈ ಎತ್ತಿ ಅವರನ್ನು ತಡೆದರು. ಮೊದಲು ಸೋತವರಿಗೆ ಸಲ್ಲಬೇಕಾದ ಗೌರವ ಸಲ್ಲಬೇಕಾಗಿತ್ತು. ಆ ದಿನ ಪದಕ ಪರದೇಶಕ್ಕೆ ಹೋಯಿತು. ಆದರೆ ಗೆದ್ದದ್ದು ಕಾನೊ ಅವರ ಬೋಧನೆ.

ಜೂಡೊಪಟುವಿನ ಕಪ್ಪು ಸೊಂಟಪಟ್ಟಿಯನ್ನು ಕಂಡವರು ಅದನ್ನು ಸಾಧನೆಯ ತುದಿಯೆಂದು ಭಾವಿಸುವುದುಂಟು. ಆದರೆ ಜಪಾನೀ ಭಾಷೆಯಲ್ಲಿ ಆ ಪಟ್ಟಿಯ ಮೊದಲ ದರ್ಜೆಯ ಹೆಸರಿಗೆ ‘ಮೊದಲ ಮೆಟ್ಟಿಲು’ ಎಂದೇ ಅರ್ಥ. ತನ್ನನ್ನು ತಾನು ತಿದ್ದಿಕೊಳ್ಳುವ ದಾರಿಯಲ್ಲಿ ಕಲಿತವನೂ ಕಲಿಯುವವನೇ.