ಹೇತ್ವಾಭಾಸದ ಕಲಿಕೆ ಮತ್ತು ಕನ್ನಡ ಸಂಶೋಧನೆ

ತರ್ಕದ ಪಾಠವು ಹೊಗೆ-ಬೆಂಕಿಯ ನಿದರ್ಶನದಿಂದ ಆರಂಭಗೊಂಡು ಬಹುಮಟ್ಟಿಗೆ ಅಲ್ಲಿಯೇ ಮುಗಿಯುತ್ತದೆ. ಅನ್ನಂಭಟ್ಟನ ತರ್ಕಸಂಗ್ರಹವು ಹೇಳುವ ಸವ್ಯಭಿಚಾರ, ವಿರುದ್ಧ, ಸತ್ಪ್ರತಿಪಕ್ಷ, ಅಸಿದ್ಧ, ಬಾಧಿತ ಎಂಬ ಐದು ಹೇತ್ವಾಭಾಸಗಳನ್ನು ವಿದ್ಯಾರ್ಥಿಗಳು ಕಂಠಪಾಠ ಮಾಡುತ್ತಾರೆ. ಆದರೆ ತಾವು ಓದುತ್ತಿರುವ ಸಾಹಿತ್ಯಚರಿತ್ರೆಯ ಪುಟದಲ್ಲಿಯೇ ಅಂಥದೊಂದು ದೋಷ ಎದುರಾದಾಗ ಅದನ್ನು ಗುರುತಿಸಲಾರರು. ಸ್ನಾತಕೋತ್ತರ ಕನ್ನಡ ತರಗತಿಗಳಲ್ಲಿ ತರ್ಕವನ್ನು ಕನ್ನಡದ ವಿವಾದಗಳ ಮೂಲಕವೇ ಕಲಿಸಬೇಕೆಂಬುದು ಪ್ರಸ್ತುತ ಲೇಖನದ ನಿಲುವು.

ಕವಿರಾಜಮಾರ್ಗದ ಕರ್ತೃತ್ವದ ಪ್ರಶ್ನೆಯನ್ನೇ ತೆಗೆದುಕೊಳ್ಳಬಹುದು. 1898ರಲ್ಲಿ ಕೆ.ಬಿ. ಪಾಠಕರು ಅದನ್ನು ನೃಪತುಂಗನ ಕೃತಿಯೆಂದೇ ಸಂಪಾದಿಸಿ ಪ್ರಕಟಿಸಿದರು. ಈ ಪಕ್ಷವನ್ನು ಸಮರ್ಥಿಸಲು ವಿದ್ಯಾರ್ಥಿಗಳು ಸಾಮಾನ್ಯವಾಗಿ ಬರೆಯುವ ಅನುಮಾನವಾಕ್ಯ ಹೀಗಿರುತ್ತದೆ: ಕೃತಿಯಲ್ಲಿ ನೃಪತುಂಗನ ಹೆಸರಿದೆ, ಆದುದರಿಂದ ಅವನೇ ಕರ್ತೃ. ಇಲ್ಲಿ ಹೇತು ಸುಳ್ಳಲ್ಲ, ವ್ಯಾಪ್ತಿ ಸುಳ್ಳು. ವಿಕ್ರಮಾರ್ಜುನವಿಜಯದಲ್ಲಿ ಅರಿಕೇಸರಿಯ ಹೆಸರಿದೆ, ಗದಾಯುದ್ಧದಲ್ಲಿ ಸತ್ಯಾಶ್ರಯನ ಹೆಸರಿದೆ. ಆದರೆ ಅವುಗಳ ಕರ್ತೃಗಳು ಪಂಪ ಮತ್ತು ರನ್ನ. ಸಾಧಿಸಬೇಕಾದುದು ಇಲ್ಲದ ಕಡೆಯಲ್ಲಿಯೂ ಹೇತು ಕಾಣಿಸಿಕೊಳ್ಳುವುದರಿಂದ ಇದು ಸವ್ಯಭಿಚಾರ. ಅಷ್ಟೇ ಅಲ್ಲ, ಕವಿರಾಜಮಾರ್ಗದಲ್ಲಿ ಶ್ರೀವಿಜಯನ ಹೆಸರೂ ಇದೆ. ಅದೇ ಹೇತು ಅವನನ್ನೂ ಕರ್ತೃವಾಗಿಸಬೇಕಾಗುತ್ತದೆ! ಶ್ರೀವಿಜಯಪಕ್ಷಕ್ಕೆ ಬಲ ಬರುವುದು ಹೆಸರಿನ ಇರವಿನಿಂದಲ್ಲ, ಗ್ರಂಥವು ತನ್ನನ್ನು ನೃಪತುಂಗನಿಗೆ ‘ಅನುಮತ’ವಾದುದೆಂದು ಹೇಳಿಕೊಳ್ಳುವ ರೀತಿಯಿಂದ.

ಇದಕ್ಕಿಂತ ಸೂಕ್ಷ್ಮವಾದುದು ಅನ್ಯೋನ್ಯಾಶ್ರಯ. ವಡ್ಡಾರಾಧನೆಯಂತಹ, ತನ್ನ ಕಾಲವನ್ನು ತಾನೇ ಹೇಳದ ಕೃತಿಗಳ ವಿಷಯದಲ್ಲಿ ಇದು ಸುಲಭವಾಗಿ ನುಸುಳುತ್ತದೆ. ಭಾಷಾರೂಪಗಳು ಪ್ರಾಚೀನವಾದುದರಿಂದ ಕೃತಿ ಪ್ರಾಚೀನವೆಂದು ಒಂದು ಅಧ್ಯಾಯದಲ್ಲಿ ನಿರ್ಣಯಿಸಿ, ಪ್ರಾಚೀನ ಕೃತಿಯಲ್ಲಿ ದೊರೆಯುವುದರಿಂದ ಆ ರೂಪಗಳು ಪ್ರಾಚೀನವೆಂದು ಮುಂದಿನ ಅಧ್ಯಾಯದಲ್ಲಿ ವಾದಿಸಿದರೆ, ನಡುವೆ ನೂರು ಪುಟಗಳಿರುವುದರಿಂದ ಪರೀಕ್ಷಕರಿಗೂ ವೃತ್ತ ಕಾಣುವುದಿಲ್ಲ. ಶಾಸನಭಾಷೆಯಂತಹ ಸ್ವತಂತ್ರ ಆಧಾರವೊಂದೇ ಇದನ್ನು ಮುರಿಯಬಲ್ಲದು.

ಹಲ್ಮಿಡಿ ಶಾಸನಕ್ಕೆ ಹಿಂದೆ ಕನ್ನಡ ಬರವಣಿಗೆಯೇ ಇರಲಿಲ್ಲವೆಂಬ ಮಾತಿನಲ್ಲಿರುವ ದೋಷ ಬೇರೆ ಬಗೆಯದು. ಕಾಣಬೇಕಾದ ಸಂದರ್ಭದಲ್ಲಿ ಕಾಣದಿದ್ದರೆ ಮಾತ್ರ ಅಭಾವ ಸಿದ್ಧಿಸುತ್ತದೆ, ಇದು ಯೋಗ್ಯಾನುಪಲಬ್ಧಿ. ಕಲ್ಲಿನಂತೆ ಓಲೆಗರಿ ಬಾಳುವುದಿಲ್ಲ. ತಾಳಗುಂದದ ಸಿಂಹಕಟಾಂಜನ ಶಾಸನವು ಹಲ್ಮಿಡಿಗಿಂತ ಹಳೆಯದೆಂಬ ವಾದ ಈಚೆಗೆ ಬಂದಿರುವುದನ್ನೂ ಇಲ್ಲಿ ನೆನೆಯಬಹುದು.

ಹೇತ್ವಾಭಾಸಗಳ ಹೆಸರುಗಳನ್ನು ಹೊಸದಾಗಿ ಕಲಿತವರಿಗೆ ಇನ್ನೊಂದು ಅಪಾಯವಿದೆ. ಹೇತು ದುಷ್ಟವಾದ ಮಾತ್ರಕ್ಕೆ ಪ್ರತಿಜ್ಞೆ ಸುಳ್ಳಾಗದು. ನೃಪತುಂಗಪರವಾದ ಒಂದು ಹೇತುವನ್ನು ಕೆಡವಿದವರು ಶ್ರೀವಿಜಯನನ್ನು ಸ್ಥಾಪಿಸಿದಂತಾಗುವುದಿಲ್ಲ. ಅದಕ್ಕೆ ಬೇರೆಯೇ ಹೇತು ಬೇಕು. ಸ್ವಪಕ್ಷವನ್ನು ಸ್ಥಾಪಿಸದೆ ಖಂಡನೆಯಲ್ಲಿಯೇ ನಿಲ್ಲುವುದನ್ನು ನ್ಯಾಯಸೂತ್ರವು ವಿತಂಡೆಯೆಂದು ಕರೆದು, ತತ್ತ್ವನಿರ್ಣಯಕ್ಕಾಗಿ ನಡೆಯುವ ವಾದದಿಂದ ಬೇರ್ಪಡಿಸುತ್ತದೆ. ಕನ್ನಡದ ಬಳಕೆಯಲ್ಲಿ ಆ ಪದವು ಬರಿಯ ಮೊಂಡುವಾದವೆಂಬ ಅರ್ಥಕ್ಕೆ ಇಳಿದಿರುವುದರಿಂದ, ಸಭ್ಯವಾದ ಭಾಷೆಯಲ್ಲಿ ಬರೆದ ವಿತಂಡೆ ನಮ್ಮ ಸಂಶೋಧನ ಪ್ರಬಂಧಗಳಲ್ಲಿ ಗಮನಕ್ಕೆ ಬಾರದೆ ಉಳಿಯುತ್ತದೆ.